ಅತ್ತೆಯ ಸೆರಗು, ಹೊಸ ಫ್ಲಾಟು

ಪ್ರಶ್ನೆ: ಅಕ್ಕಾರ, ಕೇಶ್ವಾಪುರದಾಗ ಹೊಸ ಫ್ಲಾಟ್ ತಗೊಂಡೇವಿ. ಬಿಳಿ ಗೋಡಿ, ಬೂದಿ ಬಣ್ಣದ ಸೋಫಾ, ಎಲ್ಲಾ ಸಾದಾ. ಇಂಟೀರಿಯರ್ ಮಾಡಿದವರು ಸೋಫಾಕ್ಕ ಹೊಂದೋ ಬಣ್ಣದ ಕ್ಯಾನ್ವಾಸ್ ಪ್ರಿಂಟ್ ಹಾಕ್ರಿ ಅಂತಾರ. ನನ್ನ ಕಡೆ ನಮ್ಮ ಅತ್ತಿಯವರ ಕಪ್ಪು ಚಂದ್ರಕಾಳಿ ಸೀರಿ ಐತಿ. ಮೈ ಪಿಸದೈತಿ, ಆದ್ರ ಸೆರಗಿನ ಕಸೂತಿ ಇನ್ನೂ ಗಟ್ಟಿ ಐತಿ. ಅದಕ್ಕ ಕಟ್ಟು ಹಾಕಿಸಿ ಗೋಡಿಗೆ ತೂಗಹಾಕಿದ್ರ ಇಂಥಾ ಮನಿಗೆ ಒಪ್ಪತೈತೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಒಪ್ಪುತ್ತದೆ ತಂಗೀ. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಹಾಗಾಗಿ ಗೋಪುರ, ತೇರು, ಆನೆ ಅಂಬಾರಿ, ತುಳಸಿ ವೃಂದಾವನ ಎಲ್ಲವೂ ಅಡ್ಡ, ಉದ್ದ, ಓರೆ ಗೆರೆಗಳಲ್ಲೇ ಮೂಡುತ್ತವೆ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಜಾಗ ಬಿಟ್ಟು ಬಿಟ್ಟು ಹೋಗಿ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಕಾಣದು, ಹಿಂದೂ ಮುಂದೂ ಒಂದೇ ರೂಪ. ಮುರ್ಗಿ ಎಂಬ ಹೊಲಿಗೆಯಲ್ಲಿ ಅದೇ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಿಮ್ಮ ಫ್ಲಾಟಿನ ಕಿಟಕಿ, ಸೋಫಾ, ಕಪಾಟು ಎಲ್ಲದರಲ್ಲೂ ಇರುವುದು ಇಂಥ ನೇರ ಗೆರೆಗಳೇ ಅಲ್ಲವೇ? ಬರೇ ಬಿಳಿ ಗೋಡೆಯ ಮೇಲೆ ಆ ಕಪ್ಪು ನೆಲ, ಕೆಂಪು ಹಳದಿ ಎಳೆ ಎದ್ದು ಕಾಣುತ್ತವೆ. ಸುತ್ತಲೂ ಬೇರೇನೂ ಹಾಕಬೇಡಿ.

ಸೋಫಾದ ಬಣ್ಣ ನೋಡಿ ಚಿತ್ರ ಕೊಳ್ಳುವ ರೂಢಿ ನನಗೆ ಸರಿಬರುವುದಿಲ್ಲ. ಸೋಫಾದ ಬಟ್ಟೆ ಇಂದಲ್ಲ ನಾಳೆ ಬದಲಾಗುತ್ತದೆ, ಆಗ ಆ ಚಿತ್ರಕ್ಕೆ ಮನೆಯಲ್ಲಿ ಯಾವ ಕೆಲಸವೂ ಉಳಿಯುವುದಿಲ್ಲ. ಬಣ್ಣ ಹೊಂದಿಸಲೇಬೇಕೆಂದರೆ ಕಸೂತಿಯ ಒಂದು ಎಳೆಯ ಬಣ್ಣ ಆರಿಸಿ ದಿಂಬಿನ ಚೀಲ ಹೊಲಿಸಿ.

ಕಟ್ಟು ಹಾಕಿಸುವಾಗ ಅಂಗಡಿಯವರು ಅಂಟು ಹಚ್ಚಿ ಹಲಗೆಗೆ ಮೆತ್ತಲು ಬಿಡಲೇಬೇಡಿ. ಅಂಟು ಕಾಲಕ್ರಮೇಣ ಬಟ್ಟೆಯನ್ನು ಬಿರುಸು ಮಾಡಿ ಕಲೆ ಬೀಳಿಸುತ್ತದೆ. ಹಲಗೆಗೆ ತೊಳೆದ ಸಾದಾ ಖಾದಿ ಬಟ್ಟೆ ಬಿಗಿದು, ಅದರ ಮೇಲೆ ಸೆರಗನ್ನು ಸಣ್ಣ ಹೊಲಿಗೆಯಿಂದ ಕೂಡಿಸಬೇಕು. ಅಂಚಿಗಷ್ಟೇ ಅಲ್ಲ, ನಡುನಡುವೆಯೂ ಒಂದೊಂದು ಹೊಲಿಗೆ ಬೀಳಲಿ, ಇಲ್ಲದಿದ್ದರೆ ಭಾರವೆಲ್ಲ ಮೇಲಿನ ಅಂಚಿಗೆ ಬಿದ್ದು ಹರಿಯುತ್ತದೆ. ಗಾಜು ಬಟ್ಟೆಗೆ ತಾಗದಂತೆ ಒಳಗೆ ಸಣ್ಣ ಪಟ್ಟಿ ಇಡಿಸಿ. ಸೀರೆಗೆ ಕತ್ತರಿ ಹಾಕುವ ಮುನ್ನ ಅತ್ತೆಯವರನ್ನು ಒಂದು ಮಾತು ಕೇಳಿ. ಅವರು ಹೂಂ ಅಂದರೂ ಕಸೂತಿಯ ಆಚೆಗೆ ಒಂದು ಗೇಣು ಬಟ್ಟೆ ಬಿಟ್ಟೇ ಕತ್ತರಿಸಿ, ಉಳಿದದ್ದನ್ನು ಹಲಗೆಯ ಹಿಂದಕ್ಕೆ ಮಡಚಬಹುದು.

ಎತ್ತರದ ಲೆಕ್ಕ ಸುಲಭ. ಕಟ್ಟಿನ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಇರಲಿ, ಸೋಫಾದ ಬೆನ್ನಿಗೂ ಕಟ್ಟಿನ ಕೆಳಅಂಚಿಗೂ 15–20 ಸೆಂ.ಮೀ. ಅಂತರ. ಅಗಲ ಸೋಫಾದ ಮೂರರಲ್ಲಿ ಎರಡು ಪಾಲು ಇದ್ದರೆ ಕಣ್ಣಿಗೆ ಹಿತ. ಸಂಜೆ ಬಿಸಿಲು ನೇರ ಬೀಳುವ ಗೋಡೆ ಮಾತ್ರ ಬೇಡ. ಬಣ್ಣ ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ.

ಪ್ರಶ್ನೆ: ಮಾಳಮಡ್ಡಿಯಲ್ಲಿ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಜಲವರ್ಣ ಚಿತ್ರಗಳ ಮೇಲೆ ಕಂದು ಚುಕ್ಕೆ ಏಳುತ್ತವೆ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಗೋಡೆಗೆ ಮೊಳೆ ಹೊಡೆಯುವುದನ್ನೇ ಬಿಡಿ. ತೊಲೆಯಿಂದ ತೊಲೆಗೆ, ಗೋಡೆಗೆ ಹತ್ತಿಕೊಂಡಂತೆ ಒಂದು ಸಾಗವಾನಿ ಪಟ್ಟಿ ಕೂಡಿಸಿ, ಅದರಿಂದ ಹಿತ್ತಾಳೆ ಸರಪಳಿ ಇಳಿಬಿಟ್ಟು ಚಿತ್ರ ತೂಗುಹಾಕಿ. ಹಳೆಯ ಪಡಸಾಲೆಗಳಲ್ಲಿ ದೇವರ ಪಟ, ಹಿರಿಯರ ಫೋಟೋಗಳನ್ನು ಎತ್ತರದಲ್ಲಿ ಮುಂದಕ್ಕೆ ಬಾಗಿಸಿ ಕಟ್ಟಿರುತ್ತಾರೆ ನೋಡಿ. ಅದು ಬಲು ಜಾಣ ರೀತಿ. ಕೆಳಗೆ ಕುಳಿತವರಿಗೆ ಮುಖ ಕಾಣುತ್ತದೆ, ಗಾಜಿನಲ್ಲಿ ಬಾಗಿಲ ಬೆಳಕು ಹೊಳೆಯುವುದಿಲ್ಲ, ಹಿಂದೆ ಗಾಳಿಯೂ ಆಡುತ್ತದೆ.

ಚುಕ್ಕೆಗಳಿಗೆ ಕಾರಣ ಥಂಡಿ, ಜೊತೆಗೆ ಕಟ್ಟಿನ ಹಿಂದಿನ ಅಗ್ಗದ ರಟ್ಟು. ಆ ರಟ್ಟಿನ ಆಮ್ಲ ಕಾಗದಕ್ಕೂ ಇಳಿದು ಹಳದಿ ಮಾಡುತ್ತದೆ. ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ ಹಾಕಿಸಿ. ಕಟ್ಟಿನ ಕೆಳಗಿನ ಎರಡೂ ಮೂಲೆಗೆ ಹಿಂದೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ಸಂದು ಉಳಿಯುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಕಾಗದದ ಚಿತ್ರ ಬೇಡವೇ ಬೇಡ, ಮನೆಯ ಒಳಗೋಡೆಗೆ ತನ್ನಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಆಗಾಗ ಕೆಳಗಿಳಿಸಿ ಹಿಂಬದಿ ನೋಡಿ. ಈಗಾಗಲೇ ಎದ್ದ ಚುಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ, ಜಲವರ್ಣ ಕದಡುತ್ತದೆ.

ಪ್ರಶ್ನೆ: ಪ್ರಿಂಟ್ ಬೇಡ, ಕೈಯಿಂದ ಬರೆದ ಚಿತ್ರವೇ ಬೇಕು. ರೊಕ್ಕ ಕಡಿಮೆ. ಎಲ್ಲಿ ಹುಡುಕಲಿ?
— ಗದಗ-ಬೆಟಗೇರಿಯಿಂದ

ಉತ್ತರ: ನಿಮ್ಮೂರಲ್ಲೇ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿ ಬೆಳೆಸಿದ ಚಿತ್ರಕಲಾ ಶಾಲೆ ವಿಜಯ ಕಲಾಮಂದಿರದಿಂದ ಎಷ್ಟೋ ಕಲಾವಿದರು ಬಂದಿದ್ದಾರೆ. ಚಿತ್ರಕಲಾ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಹೋಗಿ. ದೊಡ್ಡ ತೈಲವರ್ಣದ ಬೆಲೆ ಕೇಳಿ ಹಿಂಜರಿಯಬೇಡಿ, ರೇಖಾಚಿತ್ರ ನೋಡಿ, ಮರದಚ್ಚು, ಎಚಿಂಗ್ (ಲೋಹದ ತಗಡಿನ ಅಚ್ಚು) ಇಂಥ ಅಚ್ಚುಚಿತ್ರ ನೋಡಿ. ಅಚ್ಚುಚಿತ್ರದ ಪ್ರತಿಯೊಂದು ಪ್ರತಿಯನ್ನೂ ಕಲಾವಿದರು ಕೈಯಾರೆ ತೆಗೆದಿರುತ್ತಾರೆ. ಕೆಳಗೆ ಪೆನ್ಸಿಲಿನಲ್ಲಿ 3/10 ಎಂದಿದ್ದರೆ ಅದು ಹತ್ತು ಪ್ರತಿಗಳಲ್ಲಿ ಮೂರನೆಯದು. ಪ್ರತಿಗಳು ಹಲವು ಇರುವುದರಿಂದ ಬೆಲೆಯೂ ಕೈಗೆಟಕುತ್ತದೆ. ದಯವಿಟ್ಟು ಸಂತೆಯಲ್ಲಿ ಚೌಕಾಸಿ ಮಾಡಿದಂತೆ ಮಾಡಬೇಡಿ. ಆ ಹುಡುಗ ಹುಡುಗಿಯರು ಬಣ್ಣಕ್ಕೂ ಕಾಗದಕ್ಕೂ ತಮ್ಮ ಕೈಯಿಂದಲೇ ಹಾಕಿರುತ್ತಾರೆ. ಕೊಂಡಮೇಲೆ ಹೆಸರು, ವರ್ಷ, ಮಾಧ್ಯಮ ಒಂದು ಚೀಟಿಯಲ್ಲಿ ಬರೆಸಿಕೊಂಡು ಕಟ್ಟಿನ ಹಿಂಬದಿಗೆ ಹಚ್ಚಿ. ಚಿಕ್ಕ ಚಿತ್ರವನ್ನು ದೊಡ್ಡ ಗೋಡೆಗೆ ಒಂಟಿಯಾಗಿ ಹಾಕದೆ, ಊಟದ ಮೇಜಿನ ಪಕ್ಕ ಕುಳಿತವರ ಕಣ್ಣಿನ ಮಟ್ಟಕ್ಕೆ ಹಾಕಿ.