ನರ್ಸಿಂಗ್ ವಿದ್ಯಾರ್ಥಿಗಳ ಆಕ್ಷನ್ ಲರ್ನಿಂಗ್ ಗುಂಪಿನಲ್ಲಿ ಸಲಹೆ ಕೊಡಬಾರದು ಅನ್ನುತ್ತಾರಲ್ಲ, ಯಾಕೆ?

ಸಲಹೆ ಬಂದ ಕೂಡಲೇ ಸಮಸ್ಯೆ ತಂದವರು ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ, ಅದಕ್ಕೆ. ಆಕ್ಷನ್ ಲರ್ನಿಂಗ್ ಎಂದರೆ ಐದರಿಂದ ಎಂಟು ಮಂದಿ ಕೂತು, ಒಬ್ಬರ ಕೆಲಸದಲ್ಲಿನ ನಿಜವಾದ ತೊಡಕನ್ನು ಪ್ರಶ್ನೆಗಳಿಂದಲೇ ಬಿಡಿಸುವುದು. ರೆಜಿನಾಲ್ಡ್ ರೆವನ್ಸ್ 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಇದನ್ನು ರೂಪಿಸಿ, 1960ರ ದಶಕದಲ್ಲಿ ಲಂಡನ್ನಿನ ಆಸ್ಪತ್ರೆಗಳಿಗೂ ತಂದರು.

ಕೋಲಾರದ ಹಳ್ಳಿಯೊಂದಕ್ಕೆ ಪೋಸ್ಟಿಂಗ್ ಹೋದ ವಿದ್ಯಾರ್ಥಿನಿ, "ಬಿಪಿ ಮಾತ್ರೆ ಕೊಟ್ಟಿದ್ರೂ ಅಜ್ಜಿ ತಗೊಳ್ಳಲ್ಲ" ಎನ್ನುತ್ತಾಳೆ ಅಂದುಕೊಳ್ಳಿ. "ಸರಿಯಾಗಿ ತಿಳಿಸಿ ಹೇಳು" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಅಜ್ಜಿ ಎಷ್ಟು ಹೊತ್ತಿಗೆ ಮನೆ ಬಿಡ್ತಾರೆ? ಮಾತ್ರೆ ಎಲ್ಲಿಟ್ಟಿರ್ತಾರೆ?" ಎಂದು ಕೇಳಿ. ಅಜ್ಜಿ ಬೆಳಗಿನ ಐದಕ್ಕೇ ಟೊಮೇಟೊ ಕೀಳಲು ಹೋಗುವುದು, ಮಾತ್ರೆ ಮಗನ ಬೀರುವಿನಲ್ಲಿರುವುದು ಆಗ ಹೊರಬೀಳುತ್ತದೆ.

ಒಬ್ಬರಿಗೆ ಸುಮಾರು 40 ನಿಮಿಷ ಸಾಕು. ಕೊನೆಗೆ, ಮುಂದಿನ ಸಭೆಯೊಳಗೆ ತಾನು ಮಾಡುವ ಒಂದು ಕೆಲಸವನ್ನು ಸಮಸ್ಯೆ ತಂದ ವಿದ್ಯಾರ್ಥಿನಿಯೇ ಬರೆದುಕೊಳ್ಳಬೇಕು. ಮುಂದಿನ ಸಲ ಮೊದಲು ಕೇಳುವುದೂ ಅದನ್ನೇ. ಇದನ್ನು ಬಿಟ್ಟರೆ ಬರೀ ಹರಟೆಯಾಗುತ್ತದೆ.

ಹೆಚ್ಚು ಕೆಡುವುದು ಅಂಕ ಹಾಕುವ ಮೇಡಂ ಗುಂಪಿನಲ್ಲಿ ಕೂತಾಗ. ಯಾರೂ ಬಾಯಿ ಬಿಡುವುದಿಲ್ಲ. ನಡೆಸಿಕೊಡಲು ಅಂಕಕ್ಕೆ ಸಂಬಂಧವಿಲ್ಲದವರನ್ನು ಕರೆಯಿರಿ. ರೋಗಿಯ ಹೆಸರು ಹೇಳಬಾರದೆಂದು ಮೊದಲೇ ಮಾತಾಡಿಕೊಳ್ಳಿ.