ಆಲ್ಸೇಸ್ ಯಾರದ್ದು ಅಂತ ಆಲ್ಸೇಸಿನವರನ್ನು ಯಾರು ಕೇಳಿದರು?

ಓದುಗರ ಪತ್ರ: ಸಿಬಿಎಸ್‌ಇ ಹನ್ನೆರಡನೇ ತರಗತಿಯ ನನ್ನ ಮಗಳಿಗೆ ‘ದಿ ಲಾಸ್ಟ್ ಲೆಸನ್’ ಕಥೆ ಪಾಠವಾಗಿದೆ. ಜರ್ಮನಿಯ ಗಡಿಗೆ ತಾಗಿದ ಆಲ್ಸೇಸ್ ಪ್ರಾಂತ್ಯದ ಶಾಲೆಯೊಂದರಲ್ಲಿ, ಜರ್ಮನ್ನರ ಆಜ್ಞೆಯಿಂದ ಫ್ರೆಂಚ್ ಪಾಠ ನಿಂತುಹೋಗುವ ಕೊನೆಯ ದಿನದ ಕಥೆ. ಓದಿ ಕಣ್ಣಲ್ಲಿ ನೀರು ಬಂತು. ಫ್ರೆಂಚರ ಆಲ್ಸೇಸನ್ನು 1871ರಲ್ಲಿ ಜರ್ಮನ್ನರು ಕಿತ್ತುಕೊಂಡರು, 1918ರಲ್ಲಿ ಫ್ರಾನ್ಸ್ ವಾಪಸ್ ಪಡೆಯಿತು. ನ್ಯಾಯ ಸಿಕ್ಕಿತು. ಇಷ್ಟು ಸರಳ ವಿಷಯವನ್ನು ವಿವಾದ ಅನ್ನುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮಗಳ ಪಠ್ಯವನ್ನು ತಾವೂ ಕೂತು ಓದುವ ಅಪ್ಪಂದಿರು ಈಗ ಕಡಿಮೆ. ನಿಮ್ಮ ಪತ್ರ ನೋಡಿ ನಿಜಕ್ಕೂ ಖುಷಿಯಾಯಿತು. ಆದರೆ ‘ಸರಳ ವಿಷಯ’ ಅಂದಿರಲ್ಲ, ಅಲ್ಲೇ ನನ್ನ ತಕರಾರು.

ಜರ್ಮನಿ ಮಾಡಿದ್ದು ದಬ್ಬಾಳಿಕೆಯೇ, ಒಪ್ಪುತ್ತೇನೆ. 1870ರ ಆಗಸ್ಟ್‌ನಲ್ಲಿ ಅದರ ಫಿರಂಗಿಗಳಿಗೆ ಆಲ್ಸೇಸಿನ ದೊಡ್ಡ ನಗರ ಸ್ಟ್ರಾಸ್‌ಬರ್ಗಿನ ಗ್ರಂಥಾಲಯ ಸುಟ್ಟು ಬೂದಿಯಾಯಿತು. 12ನೇ ಶತಮಾನದ ಅಪರೂಪದ ಚಿತ್ರ ಹಸ್ತಪ್ರತಿಯೂ ಆ ಬೆಂಕಿಗೆ ಹೋಯಿತು. ಮರುವರ್ಷ ಆಲ್ಸೇಸ್, ಪಕ್ಕದ ಲೊರೇನ್‌ಗಳ ಪ್ರತಿನಿಧಿಗಳು ಬೋರ್ಡೋದಲ್ಲಿ ಸೇರಿದ್ದ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಎದ್ದು ನಿಂತು ಪ್ರತಿಭಟಿಸಿದರು. ಆದರೂ ಸಭೆ ಅವರ ನೆಲವನ್ನು ಜರ್ಮನಿಗೆ ಬಿಟ್ಟುಕೊಟ್ಟಿತು.

ಈಗ ಕಥೆಗೆ ಬನ್ನಿ. ಫ್ರಾಂಜ್ ಎಂಬ ಹುಡುಗನಿಗೆ ಫ್ರೆಂಚ್ ವ್ಯಾಕರಣ ತಲೆಗೆ ಹತ್ತುವುದಿಲ್ಲ. ಸೋಮಾರಿ, ಆಟದ ಹುಚ್ಚು ಅನ್ನುತ್ತದೆ ಕಥೆ. ಆದರೆ ಆಗ ಆಲ್ಸೇಸಿನ ಹೆಚ್ಚಿನ ಮನೆಗಳಲ್ಲಿ ಆಡುತ್ತಿದ್ದದ್ದು ಫ್ರೆಂಚೇ ಅಲ್ಲ, ಜರ್ಮನ್ ಬಳಗದ ಅಲ್ಲಿನದೇ ಮಾತು. ಈ ವಿಷಯ ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಹಾಗಂತ ಜರ್ಮನ್ನರ ವಾದ ಸರಿಯಾ? ಅದೂ ಅಲ್ಲ. ಮಾತು ನಮ್ಮದು, ಆದ್ದರಿಂದ ನೆಲವೂ ನಮ್ಮದು ಅಂದರು ಅವರು. ಆದರೆ ಫ್ರಾನ್ಸಿನ ರಾಷ್ಟ್ರಗೀತೆ ಹುಟ್ಟಿದ್ದೇ ಸ್ಟ್ರಾಸ್‌ಬರ್ಗಿನಲ್ಲಿ, 1792ರಲ್ಲಿ! ಮನೆಯ ಮಾತು ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ದ ಜನ ಅವರು. ಎರಡೂ ರಾಜಧಾನಿಗಳಿಗೆ ಅದು ಅರ್ಥವಾಗಲಿಲ್ಲ.

1918ರಲ್ಲಿ ನ್ಯಾಯ ಸಿಕ್ಕಿತು ಅಂದಿರಿ. ಆ ನ್ಯಾಯ ಹೇಗಿತ್ತು ಗೊತ್ತಾ? ಫ್ರೆಂಚ್ ಅಧಿಕಾರಿಗಳು ಬಂದವರೇ ಜನರಿಗೆ ಎ, ಬಿ, ಸಿ, ಡಿ ಎಂದು ಗುರುತಿನ ಚೀಟಿ ಹಂಚಿದರು. ನೀವು ಹುಟ್ಟಿದ್ದೆಲ್ಲಿ ಅನ್ನುವುದಷ್ಟೇ ಸಾಲದು, ಅಪ್ಪ ಅಮ್ಮ ಎಲ್ಲಿಯವರು ಅನ್ನುವುದೂ ಲೆಕ್ಕಕ್ಕೆ ಬಂತು. ಅಮ್ಮ ಆಲ್ಸೇಸಿನವಳಾದರೆ ಅವಳಿಗೆ ಎ. ಅಪ್ಪ ರೈನ್ ನದಿಯ ಆಚೆಯ ಜರ್ಮನಿಯಿಂದ ಬಂದವನಾದರೆ ಅವನಿಗೆ ಡಿ. ಅವರ ಮಗುವಿಗೆ ಬಿ. ಒಂದೇ ಊಟದ ಮೇಜಿನ ಸುತ್ತ ಮೂರು ದರ್ಜೆ! ಡಿ ಚೀಟಿಯವರಲ್ಲಿ ಎಷ್ಟೋ ಜನರನ್ನು ಕೈಯಲ್ಲಿ ಹಿಡಿಯುವಷ್ಟು ಸಾಮಾನಿನ ಜೊತೆ ನದಿ ದಾಟಿಸಿದರು.

1940ರಲ್ಲಿ ನಾಜಿಗಳು ಬಂದರು. ಈಗ ಫ್ರೆಂಚ್ ಆಡುವುದೇ ಅಪರಾಧ. ಫ್ರೆಂಚರ ಬೆರೆ ಟೋಪಿ ಹಾಕುವಂತಿಲ್ಲ. ಹೆಸರುಗಳನ್ನೂ ಜರ್ಮನ್ ಮಾಡಿದರು. 1942ರಿಂದ ಆಲ್ಸೇಸ್ ಮತ್ತು ಲೊರೇನಿನ ಮೊಸೆಲ್‌ನ ಸುಮಾರು 1,30,000 ಹುಡುಗರನ್ನು ಬಲವಂತವಾಗಿ ಜರ್ಮನ್ ಸೇನೆಗೆ ಎಳೆದೊಯ್ದರು. ತಪ್ಪಿಸಿಕೊಂಡವನ ಮನೆಯವರಿಗೆ ಶಿಕ್ಷೆ. ಸುಮಾರು 40,000 ಜನ ತಿರುಗಿ ಬರಲೇ ಇಲ್ಲ. ಸ್ಟ್ರಾಸ್‌ಬರ್ಗಿನ ಯುದ್ಧ ಸ್ಮಾರಕ ಇದಕ್ಕೂ ಮೊದಲಿನದು, 1936ರದ್ದು. ಮೊದಲ ಮಹಾಯುದ್ಧದಲ್ಲಿ ಆಲ್ಸೇಸಿನ ಹುಡುಗರು ಹೆಚ್ಚಾಗಿ ಜರ್ಮನ್ ಸೇನೆಯಲ್ಲೇ ಸತ್ತಿದ್ದರು. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಗಂಡುಮಕ್ಕಳನ್ನು ಹಿಡಿದುಕೊಂಡಿದ್ದಾಳೆ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ‘ನಮ್ಮ ಸತ್ತವರಿಗೆ’ ಎಂದಷ್ಟೇ ಬರೆದಿದೆ. ದೇಶಕ್ಕಾಗಿ ಸತ್ತರು ಅಂತ ಬರೆಯೋಣ ಅಂದರೆ ಯಾವ ದೇಶ?

1945ರ ಮೇಲಾದರೂ ನೆಮ್ಮದಿ ಸಿಕ್ಕಿತಾ ಅಂದರೆ, ಫ್ರೆಂಚ್ ಸರ್ಕಾರ ಶಾಲೆಗಳಲ್ಲಿ ಆಲ್ಸೇಸಿನ ಮಾತನ್ನೇ ಅದುಮಿತು. ಫ್ರೆಂಚ್ ಆಡುವುದೇ ಚೆಂದ ಅನ್ನುವ ಪೋಸ್ಟರ್‌ಗಳು ಬಂದವು. ಮಕ್ಕಳು ಅಜ್ಜಿಯ ಜೊತೆ ಮಾತಾಡಲೂ ನಾಚುವಂತಾಯಿತು. ಈಗ ಆ ಮಾತು ಬಲ್ಲ ಎಳೆಯರು ತೀರಾ ಕಡಿಮೆ. ಆಲ್ಸೇಸಿನ ಮಾತಿನ ಆ ಕೊನೆಯ ಪಾಠದ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ ಸ್ವಾಮಿ. ಗಡಿಯ ಚರಿತ್ರೆಯನ್ನು ನಾವು ಸುಮ್ನೆ ರಾಜಧಾನಿಗಳ ಜಗಳ ಅಂತ ಓದುತ್ತೇವೆ. ಗೆದ್ದವರು, ಸೋತವರು, ಒಪ್ಪಂದದ ಇಸವಿ, ಐದು ಅಂಕದ ಪ್ರಶ್ನೆ, ಮುಗಿಯಿತು. ಭಾಷೆ ಕಳೆದುಕೊಂಡ ಫ್ರಾಂಜ್‌ಗಾಗಿ ಕಣ್ಣೀರು ಹಾಕುವ ನಾವೇ, ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗೆ ಸಾಲ ಮಾಡಿ ಫೀಸು ಕಟ್ಟುತ್ತೇವೆ. ಇದು ನಿಮಗೆ ವಿಚಿತ್ರ ಅನ್ನಿಸುವುದಿಲ್ವಾ?

ನಿಮ್ಮ ಮಗಳು ಮುಂದಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಲಿ: ಫ್ರಾಂಜ್ ಮನೆಯಲ್ಲಿ ಅಮ್ಮನ ಜೊತೆ ಯಾವ ಮಾತು ಆಡುತ್ತಿದ್ದ? ಟೀಚರ್ ಏನು ಹೇಳಿದರು ಅಂತ ಅವಳೇ ನಮಗೆ ಬರೆದು ಕಳಿಸಲಿ. ಖಂಡಿತ ಪ್ರಕಟಿಸುತ್ತೇವೆ.