ಕೇಳ್ತದೆ, ಆದ್ರೆ ತಿಳಿಯೂದಿಲ್ಲ

ಪ್ರಶ್ನೆ: ನಮ್ಮ ಆಯಿಗೆ 62 ವರ್ಷ. ಎಂಟು ವರ್ಷದಿಂದ ಕಿವಿ ಮಂದ ಆಗ್ತಾ ಬಂದು ಹಿಯರಿಂಗ್ ಏಡೂ ನಾಟದೇ ಹೋದ್ಮೇಲೆ ಬಲಗಿವಿಗೆ ಆಪರೇಷನ್ ಮಾಡಿ ಒಳಗೆ ತಂತಿ ಕೂರಿಸೋ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದ್ವಿ. ಸ್ವಿಚ್ ಆನ್ ಆಗಿ ಐದು ವಾರ. ಮಿಕ್ಸರು, ನಾಯಿ, ದೇವಸ್ಥಾನದ ಗಂಟೆ ಎಲ್ಲ ಕೇಳ್ತದೆ. ಮಾತು ಮಾತ್ರ "ಕೇಳ್ತದೆ, ತಿಳಿಯೂದಿಲ್ಲ, ಎಲ್ಲರೂ ಬಾತುಕೋಳಿ ಹಂಗೆ ಕಿರಿಚ್ತ್ರಿ" ಹೇಳಿ ಕಿವಿ ಮೇಲೆ ಹಾಕೋ ಮಿಷನ್ ತೆಗೆದಿಡ್ತಾಳೆ. ಇಷ್ಟು ದುಡ್ಡು ಸುರಿದು ಮೋಸ ಹೋದ್ವಾ?
ಓದುಗರೊಬ್ಬರು, ಅಂಕೋಲಾ

ಉತ್ತರ: ಮೋಸ ಆಗ್ಲಿಲ್ಲ ಮಾರಾಯ್ರೆ, ಐದೇ ವಾರ ಆಗಿದ್ದು. ನಾನೂ ಇದೇ ಕಿವಿ ಹಾಕ್ಕೊಂಡು ಆರು ವರ್ಷ ಆಯ್ತು, ಸ್ವಿಚ್ ಆನ್ ಮಾಡಿದ ದಿನ ನನ್ನ ಹೆಂಡ್ತಿ "ಚಾ ಕುಡೀತ್ರಾ" ಅಂದಿದ್ದು ನಂಗೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳಿತ್ತು.

ಯಾಕೆ ಹಂಗೆ ಅಂದ್ರೆ, ಒಳಗಿವಿಲಿ ಶಂಖದ ಥರ ಸುತ್ತಿಕೊಂಡ ನಳಿಗೆ ಒಂದಿದೆ, ಅದೇ ಕಾಕ್ಲಿಯ, ಅದ್ರಲ್ಲಿ ಸದ್ದನ್ನ ನರಕ್ಕೆ ದಾಟಿಸೋ ಒಳಸಾಲಿನ ಕೂದಲು ಕೋಶಗಳೇ ಸುಮಾರು 3,500 ಇರ್ತವೆ, ಅವು ಹಾಳಾದ ಜಾಗದಲ್ಲಿ ಈಗ ಕೆಲಸ ಮಾಡೋದು ಒಂದು ಎಳೆ ತಂತಿ, ಅದರ ಮೇಲೆ ಕಂಪನಿ ನೋಡ್ಕೊಂಡು 12ರಿಂದ 22 ಎಲೆಕ್ಟ್ರೋಡು (ನರಕ್ಕೆ ಕರೆಂಟು ಮುಟ್ಟಿಸೋ ಸಣ್ಣ ಬಿಂದು), ಅಷ್ಟೇ. ಆಸ್ಟ್ರೇಲಿಯಾದ ಡಾಕ್ಟ್ರು ಗ್ರೇಮ್ ಕ್ಲಾರ್ಕ್ ಈ ತಂತಿಯನ್ನ ಶಂಖದೊಳಗೆ ಹೆಂಗೆ ತೂರಿಸೋದು ಗೊತ್ತಾಗದೇ ಸಮುದ್ರದ ದಂಡೆಲಿ ಕೂತು ಚಿಪ್ಪಿನೊಳಗೆ ಹುಲ್ಲಿನ ಎಸಳು ಹಾಕಿ ನೋಡಿದ್ರಂತೆ, ಬುಡ ಗಟ್ಟಿ ತುದಿ ಮೆತ್ತಗೆ ಇದ್ರೆ ಸರಾಗ ಹೋಗ್ತದೆ ಅನ್ನೋದು ಅಲ್ಲೇ ಹೊಳೆದಿದ್ದು (ನಮ್ಮ ದಂಡೆಲೂ ಬೇಕಾದಷ್ಟು ಚಿಪ್ಪು ಬಿದ್ದಿರ್ತವೆ, ನಮಗೆ ಹೊಳೀಲಿಲ್ಲ ನೋಡಿ). 1978ರಲ್ಲಿ ಮೆಲ್ಬರ್ನಿನಲ್ಲಿ ಅವರ ಮೊದಲ ರೋಗಿಗೆ ಕೂರಿಸಿದ್ರು. ಆದ್ರೆ ಸಾಮಾನ್ಯವಾಗಿ ತಂತಿ ಶಂಖದ ತೀರಾ ಒಳಸುತ್ತಿನ ತನಕ ಮುಟ್ಟೂದಿಲ್ಲ, ದಪ್ಪ ಸ್ವರದ ಜಾಗ ಇರೋದೇ ಅಲ್ಲಿ, ಹಾಗಾಗಿ ಗಂಡಸಿನ ಗಂಟಲೂ ಕೀರಲಾಗಿ ಕೇಳ್ತದೆ. ಮಿದುಳು ದಿನಾ ಕೇಳಿ ಕೇಳಿ ಅದನ್ನ ಸರಿ ಮಾಡ್ಕೊಳ್ತದೆ. ಜಾಸ್ತಿ ಸುಧಾರಣೆ ಕಾಣೋದು ಮೊದಲ ಮೂರರಿಂದ ಆರು ತಿಂಗಳಲ್ಲಿ, ವರ್ಷದ ತನಕ ಮುಂದುವರೀತದೆ. ಮಿಷನ್ ತೆಗೆದು ಕಪಾಟಲ್ಲಿಟ್ರೆ ಮಿದುಳು ಕಲಿಯೋದಾದ್ರೂ ಹೆಂಗೆ? ಎದ್ದಲ್ಲಿಂದ ಮಲಗೋ ತನಕ ಕಿವಿ ಮೇಲೇ ಇರ್ಲಿ.

ಇನ್ನು ನೀವು ಮನೇಲಿ ಮಾಡೋ ಕೆಲಸ. ಈ ಮಿಷನ್ನು ಮಾತಿನ ಉದ್ದ, ಗಿಡ್ಡ, ತೂಕ ಚೆನ್ನಾಗಿ ಕೊಡ್ತದೆ, ಕಲ್ಲು ಕಾಲು ಬೇರೆ ಅಂತ ಆಯಿಗೆ ಬೇಗ ಗೊತ್ತಾಗ್ತದೆ. ಸಿಕ್ಕಿ ಬೀಳೋದು ತಟ್ಟೆ, ಕಟ್ಟೆ, ಪಟ್ಟೆಯಲ್ಲಿ, ನಾಲಿಗೆ ಬಾಯಲ್ಲಿ ಎಲ್ಲಿ ತಾಗಿತು ಅನ್ನೋದು ಎಲೆಕ್ಟ್ರೋಡಿಗೆ ಸರಿಯಾಗಿ ಸಿಕ್ಕೂದಿಲ್ಲ. ಅಲ್ಲಿ ಕಣ್ಣು ಬೇಕು, ಪ ಅಂದ್ರೆ ತುಟಿ ಮುಚ್ತದಲ್ಲ. ಹಂಗಂತ ಕಣ್ಣೊಂದೇ ಸಾಲ್ದು, ಪಟ್ಟೆ ಬಟ್ಟೆ ಎರಡೂ ತುಟಿ ಮೇಲೆ ಒಂದೇ, ಅದನ್ನ ಬೇರೆ ಮಾಡೋದು ಕಿವಿ. ಹಾಗಾಗಿ ಎದುರು ಕೂತು, ಮುಖಕ್ಕೆ ಬೆಳಕು ಬೀಳೋ ಹಾಗೆ, ಕೂಗದೇ ಮಾತಾಡಿ. ಕೂಗಿದ್ರೆ ಅಕ್ಷರ ಇನ್ನೂ ಕಲಸಿ ಹೋಗ್ತದೆ.

ದಿನಾ ಇಪ್ಪತ್ತು ನಿಮಿಷ ಪೇಪರಿನಿಂದ ಬಾಯಿ ಮರೆಮಾಡಿ ಆಟ ಆಡಿಸಿ. ಮೀನಿನ ಹೆಸರಿಂದ ಶುರು ಮಾಡಿ, ಬಂಗಡೆ, ಶೆಟ್ಲಿ, ಇಸ್ವಾಣ, ತಾರ್ಲೆ, ಈ ನಾಲ್ಕರಲ್ಲಿ ಯಾವ್ದು ಹೇಳಿದೆ ಅಂತ ಕೇಳಿ. ಅದು ಬಂದ್ಮೇಲೆ ಪೂರ್ತಿ ವಾಕ್ಯ. ಕಾರವಾರ ಆಕಾಶವಾಣಿ, ಫೋನು ಎಲ್ಲ ಆಮೇಲೆ, ಮುಖ ಕಾಣದ ಮಾತು ಕಷ್ಟ. ನಂಗೆ ನಾಲ್ಕನೇ ತಿಂಗಳಲ್ಲಿ ಒಂದಿನ, ನಾನು ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದ್ದೆ, ಅಡುಗೆಮನೆಯಿಂದ "ಕೊತ್ತಂಬ್ರಿ ತಂದ್ರಾ" ಅಂತ ಬಂತು, ತಿರುಗಿ ನೋಡದೇ ತಿಳೀತು. ತಂದಿರ್ಲಿಲ್ಲ, ಬೈಗುಳವೂ ಪೂರ್ತಿ ತಿಳೀತು.

ಬಂಡಿಹಬ್ಬದ ಗದ್ದಲದಲ್ಲಿ, ಬಸ್‌ಸ್ಟ್ಯಾಂಡಲ್ಲಿ ಆಯಿಗೆ ಮಾತು ಸಿಗ್ಲಿಲ್ಲ ಅಂದ್ರೆ ಬೇಜಾರಾಗ್ಬೇಡಿ, ಆರು ವರ್ಷ ಆದ ನಂಗೂ ಅಲ್ಲಿ ಅರ್ಧ ಅಂದಾಜೇ. ಎಡಗಿವಿಲಿ ಚೂರಾದ್ರೂ ಕೇಳ್ತಿದ್ರೆ ಅದಕ್ಕೆ ಹಿಯರಿಂಗ್ ಏಡ್ ಇರ್ಲಿ, ದಪ್ಪ ಸ್ವರ ಅಲ್ಲಿಂದ ಬಂದು ಕೂಡಿಕೊಳ್ತದೆ. ಮತ್ತೆ ಮ್ಯಾಪಿಂಗಿಗೆ, ಅಂದ್ರೆ ಮಿಷನ್ನನ್ನ ಆಯಿಯ ಕಿವಿಗೆ ಹೊಂದಿಸೋಕೆ, ಕರೆದ ದಿನ ತಪ್ಪಿಸ್ಬೇಡಿ. ಮಳೆಗಾಲದಲ್ಲಿ ರಾತ್ರಿ ಮಿಷನ್ನು ಡ್ರೈ ಬಾಕ್ಸಲ್ಲಿಡಿ, ನಮ್ಮ ಕಡೆ ತೇವಕ್ಕೆ ಮೈಕೇ ಮಂಕಾಗಿಬಿಡ್ತದೆ.

ಪ್ರಶ್ನೆ: ಇಂಪ್ಲಾಂಟ್ ಹಾಕಿಸಿ ಎರಡು ವರ್ಷ, ಮನೇಲಿ ಮಾತು ಚಂದ ತಿಳೀತದೆ. ಯಕ್ಷಗಾನಕ್ಕೆ ಹೋದ್ರೆ ಭಾಗವತರ ಪದ ಯಾವ ರಾಗ ಅಂತನೇ ಗೊತ್ತಾಗೂದಿಲ್ಲ.
ಶಿರಸಿ

ಉತ್ತರ: ತಾಳ ಸಿಗ್ತದಲ್ಲ? ಚಂಡೆ ಮದ್ದಳೆ ಪೆಟ್ಟು ಇಂಪ್ಲಾಂಟಲ್ಲಿ ಸರಿಯಾಗೇ ಕೇಳ್ತದೆ, ಸ್ವರದ ಏರಿಳಿತ ಹಿಡಿಯೋದಕ್ಕೆ ಇಷ್ಟು ಎಲೆಕ್ಟ್ರೋಡು ಸಾಲ್ದು. ನಾನು ಆಟ ಬಿಟ್ಟು ತಾಳಮದ್ದಳೆಗೆ ಹೋಗ್ತೆ, ಪ್ರಸಂಗ ಮೊದಲೇ ಗೊತ್ತಿರೋದ್ರಿಂದ ಅರ್ಥ ಹೇಳುವಾಗ ಒಂದು ಶಬ್ದ ತಪ್ಪಿದ್ರೂ ಮುಂದಿನದು ಕೈ ಹಿಡೀತದೆ. ಮುಂದಿನ ಸಾಲಲ್ಲಿ ಕೂರಿ, ಸ್ಪೀಕರಿನ ಬುಡದಲ್ಲಿ ಬೇಡ.

ಪ್ರಶ್ನೆ: ಮಗನಿಗೆ ಎರಡು ವರ್ಷ, ಹುಟ್ಟಿನಿಂದ ಕಿವುಡು. ಆಪರೇಷನ್ನಿಗೆ ದೊಡ್ಡವನಾಗ್ಲಿ ಅಂತಾರೆ ಹಿರಿಯರು. ಮನೇಲಿ ಕೊಂಕಣಿ, ಹೊರಗೆ ಕನ್ನಡ, ಯಾವ್ದು ಕಲಿಸೋದು?
ಕಾರವಾರ

ಉತ್ತರ: ಕಾಯ್ಬೇಡಿ. ನನ್ನಂಥವರಿಗೆ ಮಾತು ಮೊದಲೇ ತಲೇಲಿತ್ತು, ಮಗು ಸೊನ್ನೆಯಿಂದ ಕಲೀಬೇಕು, ಮಿದುಳಿನ ಕೇಳೋ ದಾರಿ ಚೆನ್ನಾಗಿ ತೆರೆದಿರೋದು ಮೂರು ಮೂರೂವರೆ ವರ್ಷದ ಒಳಗೆ. ಆಮೇಲೂ ಹಾಕಿಸ್ತಾರೆ, ಆದ್ರೆ ಮಾತು ತಿಳಿಯೋದು ನಿಧಾನ ಆಗ್ತದೆ. ಆಪರೇಷನ್ ಆದ್ಮೇಲೆ ವರ್ಷಗಟ್ಟಲೆ ಥೆರಪಿ ಇದೆ, ಅದಕ್ಕೆ ಯಾರು ಕೂರೋದು ಅಂತ ಈಗ್ಲೇ ಮನೇಲಿ ಮಾತಾಡ್ಕೊಳ್ಳಿ. ದುಡ್ಡಿನ ವಿಷಯಕ್ಕೆ ಅಂಗವಿಕಲರಿಗೆ ಸಲಕರಣೆ ಕೊಡೋ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹೋಗಿ ವಿಚಾರಿಸಿ. ಭಾಷೆ ಕೊಂಕಣಿನೇ ಇರ್ಲಿ, ನೀವು ಬೈಯೋದು ಮುದ್ದಾಡೋದು ಅದ್ರಲ್ಲೇ ತಾನೇ, ಕನ್ನಡ ಅಂಗಳಕ್ಕೆ ಇಳಿದ್ರೆ ತಾನಾಗೇ ಬರ್ತದೆ.